‘ಸಬ್ ಠೀಕ್ ಹೈ’ ಅಂದರೆ ನಂಬಬೇಡಿ

ಮೈಸೂರಿಗರಿಗೆ ‘ಮಿಲಿಟರಿ’ ಅಂದರೆ ಮೊದಲು ನೆನಪಾಗುವುದು ಹೋಟೆಲು, ಆಮೇಲೆ ಸೈನ್ಯ. ಈ ಊರಿನ ಹೆಸರು ಹೊತ್ತ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕುದುರೆ ನುಗ್ಗಿಸಿತ್ತು. 1924ರಲ್ಲಿ ಇಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರ ಮನಃಶಾಸ್ತ್ರ ವಿಭಾಗ ಶುರುವಾಯಿತು. ನೂರು ವರ್ಷದ ನೆರೆಹೊರೆ. ಆದರೂ ಸಿಪಾಯಿಗೂ ಮನಃಶಾಸ್ತ್ರಕ್ಕೂ ಬಳಕೆ ಅಷ್ಟಕ್ಕಷ್ಟೆ.

ನಿವೃತ್ತ ಯೋಧರಿಗೆ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಇದೆ, ನಿಜ. ಅಲ್ಲಿಂದ ಚೀಟಿ ಹಿಡಿದು ಹಲವರು ಬರುವುದು ಊರಿನ ಆಸ್ಪತ್ರೆಗೇ. ‘ಹೇಗಿದ್ದೀರಿ?’ ಎಂದು ಆಪ್ತಸಮಾಲೋಚಕಿ ಕೇಳಿದರೆ, ಬೆನ್ನು ನೆಟ್ಟಗೆ ಮಾಡಿ ‘ಸಬ್ ಠೀಕ್ ಹೈ’ ಅನ್ನುತ್ತಾರೆ. ಅದನ್ನೇ ಬರೆದುಕೊಂಡರೆ ಕೆಟ್ಟಿತು. ಅದು ಪಹರೆಯವನು ಮೇಲಿನವರಿಗೆ ಒಪ್ಪಿಸುವ ವರದಿ, ಮನಸ್ಸಿನ ಮಾತಲ್ಲ.

ಈ ಬಿಗಿಗೆ ಕಾರಣವಿದೆ. ಸೈನ್ಯದ ವೈದ್ಯಕೀಯ ದರ್ಜೆಯ ಹೆಸರು ‘ಶೇಪ್’. ಅದರ ಐದು ಅಕ್ಷರಗಳಲ್ಲಿ ಮೊದಲನೆಯದೇ ಮನಸ್ಸಿನದು. ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಆಮೇಲೆ. ‘ಶೇಪ್ ಒನ್’ ಇದ್ದವನು ಪೂರ್ತಿ ಗಟ್ಟಿ. ದರ್ಜೆ ಇಳಿದರೆ ಪೋಸ್ಟಿಂಗ್, ಬಡ್ತಿಗೆ ಕುತ್ತು. ನಿದ್ದೆ ಬರುತ್ತಿಲ್ಲ ಅನ್ನುವುದು ಅಲ್ಲಿ ಅನ್ನದ ಪ್ರಶ್ನೆ. ಪಿಂಚಣಿ ಬಂದ ಮೇಲೂ ನಾಲಿಗೆ ಆ ಲೆಕ್ಕ ಮರೆಯುವುದಿಲ್ಲ.

ಹಾಗಾಗಿ ಕಾಯಿಲೆಗೆ ಮೊದಲು ಪಲ್ಟನ್ ವಿಚಾರಿಸಿ. ಎಲ್ಲೆಲ್ಲಿ ಇದ್ದಿರಿ, ಜೊತೆಗಾರರು ಈಗ ಎಲ್ಲಿದ್ದಾರೆ ಎಂದು ಕೇಳಿ. ಹವಾಲ್ದಾರರನ್ನು ಹವಾಲ್ದಾರರೇ ಅನ್ನಿ. ಹದಿನೈದಿಪ್ಪತ್ತು ವರ್ಷ ಹಿಂದಿಯಲ್ಲೇ ಬದುಕಿದವರು ಎದೆಯ ಮಾತಿಗೆ ಹಿಂದಿಗೆ ಜಾರಿದರೆ ತಡೆಯಬೇಡಿ. ‘ಎಷ್ಟು ಜನರನ್ನು ಕೊಂದಿರಿ’ ಎಂಬ ಸಿನಿಮಾ ಕುತೂಹಲವಂತೂ ಬೇಡವೇ ಬೇಡ.

ಎಲ್ಲ ನೋವೂ ಗಡಿಯದಲ್ಲ. ಸಿಪಾಯಿಗೆ ನಲವತ್ತರ ಆಸುಪಾಸಿಗೇ ನಿವೃತ್ತಿ. ಅಷ್ಟರಲ್ಲಿ ಮನೆ ಅವನಿಲ್ಲದೆ ನಡೆಯುವುದನ್ನು ಕಲಿತಿರುತ್ತದೆ. ಫೀಸು, ಗ್ಯಾಸು, ಅತ್ತೆಯ ಔಷಧಿ ಎಲ್ಲ ಹೆಂಡತಿಯ ಕೈಯಲ್ಲಿ. ಈತನ ಆಜ್ಞೆಗೆ ಅಲ್ಲಿ ಯಾರೂ ಸಾಲುಗಟ್ಟಿ ನಿಲ್ಲುವುದಿಲ್ಲ. ಹೆಂಡತಿಯನ್ನೂ ಕೂರಿಸಿಕೊಂಡು ಮಾತಾಡಿ. ಅರ್ಧ ಕಥೆ ಅವರಲ್ಲಿದೆ.

ಇನ್ನೊಂದು ಮಾತು, ಮುಜುಗರವಾದರೂ ಕೇಳಲೇಬೇಕಾದದ್ದು: ಮನೆಯಲ್ಲಿ ಬಂದೂಕಿದೆಯೇ? ಗನ್‌ಮ್ಯಾನ್ ಕೆಲಸಕ್ಕೆ ಪರವಾನಗಿ ಪಡೆದವರಿದ್ದಾರೆ. ಕೊಡಗಿನಿಂದ ಬರುವವರಲ್ಲಿ ಪರವಾನಗಿಯ ವಿನಾಯಿತಿ ಇರುವವರೂ ಇದ್ದಾರೆ. ಸಾಯುವ ಮಾತು ಬಂದರೆ ಬಂದೂಕನ್ನು ಬೇರೆಯವರ ವಶಕ್ಕೆ ಕೊಡಿಸುವುದು ಅಂದಿನ ಮೊದಲ ಕೆಲಸ.

ಹಗಲಿರುಳು ಕನ್ನಡದಲ್ಲೂ ಸಿಗುವ ಟೆಲಿ ಮಾನಸ್ ಸಂಖ್ಯೆ 14416. ನಿಮ್ಮ ಬೀದಿಯ ಮಾಜಿ ಯೋಧರ ಮನೆಗೂ ಇದನ್ನು ತಲುಪಿಸಿ.