ಕಚೇರಿಯ ಕಡತ ಎಲ್ಲಿರಬೇಕು?

ಪತ್ರವ್ಯವಹಾರ, ಲೆಕ್ಕಪತ್ರ, ಸಭೆಯ ನಡಾವಳಿಗಳನ್ನು ಗಣಕಯಂತ್ರದಲ್ಲಿ ಬರೆದಿಡುವುದು ಇಂದು ಸಣ್ಣ ಅಂಗಡಿಯಿಂದ ಪತ್ತಿನ ಸಹಕಾರ ಸಂಘದವರೆಗೆ ರೂಢಿಗೆ ಬಂದಿದೆ. ಇದಕ್ಕೆ ಬಳಸುವ ತಂತ್ರಾಂಶಗಳು ಎರಡು ಬಗೆಯವು. ಯಂತ್ರದೊಳಗೇ ಸ್ಥಾಪಿಸಿಕೊಳ್ಳುವ ಮೈಕ್ರೋಸಾಫ್ಟ್ ಆಫೀಸ್, ಲಿಬ್ರೆ ಆಫೀಸ್‌ಗಳು ಒಂದು ಬಗೆ. ಅಂತರಜಾಲದ ಮೂಲಕ ತೆರೆದು ಬರೆಯುವ ಗೂಗಲ್ ಡಾಕ್ಸ್‌ನಂಥವು ಇನ್ನೊಂದು ಬಗೆ. ಇವುಗಳಲ್ಲಿ ಯಾವುದು ಲೇಸೆಂಬುದನ್ನು ಬೆಲೆಯೊಂದರಿಂದಲೇ ತೀರ್ಮಾನಿಸುವವರು ಬಹಳ. ಅದು ಸಾಲದೆಂದು ನಾವು ಭಾವಿಸುತ್ತೇವೆ.

ಅಂತರಜಾಲದ ತಂತ್ರಾಂಶದ ದೊಡ್ಡ ಗುಣ ಹಂಚಿಕೆ. ಕಾರ್ಯದರ್ಶಿಗಳು ಊರಿನಲ್ಲಿಯೂ ಅಧ್ಯಕ್ಷರು ಬೆಂಗಳೂರಿನಲ್ಲಿಯೂ ಕುಳಿತು ಒಂದೇ ಪತ್ರವನ್ನು ಏಕಕಾಲದಲ್ಲಿ ತಿದ್ದಬಹುದು. ಹಿಂದಿನ ರೂಪವನ್ನು ಮರಳಿ ಪಡೆಯಬಹುದು. ಯಂತ್ರ ಕೆಟ್ಟರೂ ಕಡತ ಉಳಿಯುತ್ತದೆ. ಸಂಪರ್ಕ ಕಡಿದಾಗಲೂ ಕೆಲಸ ಸಾಗಬೇಕಾದರೆ ಮಾತ್ರ ಮೊದಲೇ ಏರ್ಪಾಡು ಮಾಡಿಕೊಂಡಿರಬೇಕು.

ನಮ್ಮ ಕಚೇರಿಗಳಿಗೆ ನಿಜವಾದ ತೊಡಕು ಬರುವುದು ಕನ್ನಡದಲ್ಲಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಲಾಗಿತ್ತು. ಆ ಶೈಲಿ ಇರುವ ಯಂತ್ರದಲ್ಲಿ ಅದು ಕನ್ನಡ; ಇಲ್ಲದಲ್ಲಿ ಅರ್ಥವಿಲ್ಲದ ಗುರುತುಗಳ ರಾಶಿ. ಗೂಗಲ್ ಡಾಕ್ಸ್‌ನಲ್ಲಿ ನಮ್ಮ ಸ್ವಂತ ಅಕ್ಷರಶೈಲಿಯನ್ನು ಸೇರಿಸಲಾಗದು. ಆದ್ದರಿಂದ ಹಳೆಯ ನಡಾವಳಿಗಳನ್ನು ಅಲ್ಲಿಗೆ ಸಾಗಿಸುವ ಮುನ್ನ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತಕಗಳು ದೊರೆಯುತ್ತವೆ, ಆದರೆ ಒತ್ತಕ್ಷರವೂ ಅರ್ಕಾವತ್ತೂ ಸ್ಥಾನ ತಪ್ಪುವುದುಂಟು. ಸದಸ್ಯರ ಹೆಸರುಗಳನ್ನೂ ಠರಾವುಗಳನ್ನೂ ಒಬ್ಬರು ಕುಳಿತು ಓದಿ ನೋಡದೆ ಮೂಲಪ್ರತಿಯನ್ನು ಅಳಿಸುವುದು ಸಲ್ಲದು.

ಇನ್ನು ಬೆಲೆ. 2010ರಲ್ಲಿ ಹುಟ್ಟಿದ ಲಿಬ್ರೆ ಆಫೀಸ್ ಉಚಿತ. ಒಮ್ಮೆ ಹಣ ತೆತ್ತು ಕೊಂಡ ತಂತ್ರಾಂಶಕ್ಕೂ ಆಯುಷ್ಯವುಂಟು: ಮೈಕ್ರೋಸಾಫ್ಟ್ ಆಫೀಸ್ 2016 ಮತ್ತು 2019ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಗೂಗಲ್ ಖಾತೆಯ ಉಚಿತ ಸ್ಥಳ 15 ಜಿ.ಬಿ.; ಅಂಚೆಯೂ ಭಾವಚಿತ್ರಗಳೂ ಅದರಲ್ಲಿಯೇ ಸೇರುತ್ತವೆ.

ಬೆಲೆಗಿಂತ ಮುಖ್ಯವಾದುದು ಒಡೆತನ. ಅನೇಕ ಕಡೆ ಗುಮಾಸ್ತರ ಸ್ವಂತ ಖಾತೆಯಲ್ಲಿಯೇ ಸಂಸ್ಥೆಯ ಕಡತಗಳಿರುತ್ತವೆ. ಅವರು ಕೆಲಸ ಬಿಟ್ಟರೆ ಕೀಲಿಕೈಯೂ ಅವರೊಡನೆ ಹೋದಂತೆಯೇ. 2 ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನೂ ಗೂಗಲ್ 2023ರಲ್ಲಿ ತಂದಿದೆ. ಖಾತೆ ಸಂಸ್ಥೆಯ ಹೆಸರಿನಲ್ಲಿದ್ದು, ಅದರ ಪಾಸ್‌ವರ್ಡ್ ಕನಿಷ್ಠ ಇಬ್ಬರು ಪದಾಧಿಕಾರಿಗಳಿಗೆ ತಿಳಿದಿರುವುದು ಕ್ಷೇಮ.

ಹಲವರು ಸೇರಿ ತುಂಬುವ ಹಾಜರಿ, ಕಾರ್ಯಕ್ರಮಪಟ್ಟಿಗಳಿಗೆ ಅಂತರಜಾಲ ಸಾಕು. ಮ್ಯಾಕ್ರೋಗಳುಳ್ಳ ದೊಡ್ಡ ಲೆಕ್ಕಕ್ಕೂ ಹಳೆಯ ಅಕ್ಷರಶೈಲಿಯ ದಾಖಲೆಗಳಿಗೂ ನಾವು ಯಂತ್ರದಲ್ಲಿ ಸ್ಥಾಪಿಸಿದ ತಂತ್ರಾಂಶವನ್ನೇ ಮೆಚ್ಚುತ್ತೇವೆ. ಹಾಗೆ ಮಾಡುವವರು ವಾರಕ್ಕೊಮ್ಮೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಪ್ರತಿ ತೆಗೆದು, ಅದನ್ನು ಕಚೇರಿಯಲ್ಲಿಡದೆ ಬೇರೆ ಕಟ್ಟಡದಲ್ಲಿ ಇರಿಸತಕ್ಕದ್ದು.