ಒಂದು ಎಂಜಿನ್, ಎರಡು ಎಂಜಿನ್



ಸ್ವಂತ ಸಂತೋಷಕ್ಕಾಗಿ ವಿಮಾನ ಹಾರಿಸುವುದು ಬೇರೆ. ಸಂಬಳ ಪಡೆದು ಹಾರಿಸುವುದು ಬೇರೆ. ಅಮೆರಿಕದಲ್ಲಿ ಈ ಎರಡನೆಯ ಅಧಿಕಾರವನ್ನು ಕೊಡುವುದು ಕಮರ್ಷಿಯಲ್ ಪೈಲಟ್ ಪ್ರಮಾಣಪತ್ರ. ಅದಕ್ಕಾಗಿ ಪರೀಕ್ಷಕರು ಮೊದಲು ನೆಲದ ಮೇಲೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಆಮೇಲೆ ಅಭ್ಯರ್ಥಿಯ ಪಕ್ಕದಲ್ಲಿ ಕುಳಿತು ಅವನ ಹಾರಾಟವನ್ನು ಪರಿಶೀಲಿಸುತ್ತಾರೆ. ಇದಕ್ಕೆ ರೂಢಿಯಲ್ಲಿ ‘ಚೆಕ್‌ರೈಡ್’ ಎಂದು ಹೆಸರು. ಏಕ ಎಂಜಿನ್ ವಿಮಾನಕ್ಕೆ ಒಂದು ಪರೀಕ್ಷೆ, ಅವಳಿ ಎಂಜಿನ್ ವಿಮಾನಕ್ಕೆ ಇನ್ನೊಂದು. ಎರಡನ್ನೂ ಬಯಸುವವನು ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ: ಯಾವುದು ಮುಂದು, ಯಾವುದು ಹಿಂದು?

ಮೇಲ್ನೋಟಕ್ಕೆ ಇದು ಹಣದ ಲೆಕ್ಕ. ಸಾಮಾನ್ಯ ನಿಯಮದಂತೆ ಅಭ್ಯರ್ಥಿಗೆ 250 ಗಂಟೆಗಳ ಹಾರಾಟವಿರಬೇಕು. ಏಕ ಎಂಜಿನ್ ಪರೀಕ್ಷೆಯನ್ನು ಮೊದಲು ಕೊಟ್ಟರೆ, 300 ನಾಟಿಕಲ್ ಮೈಲಿಗಳ ದೀರ್ಘಯಾನ, 5 ಗಂಟೆಗಳ ರಾತ್ರಿ ಹಾರಾಟ ಮುಂತಾದ ವಿಧಿಗಳನ್ನೆಲ್ಲ ಅಗ್ಗದ ವಿಮಾನದಲ್ಲಿಯೇ ಪೂರೈಸಬಹುದು. ಅನಂತರ ಅವಳಿ ಎಂಜಿನ್ನಿನ ಅರ್ಹತೆಯನ್ನು ಸೇರಿಸಿಕೊಳ್ಳಲು ಇಂತಿಷ್ಟೇ ಗಂಟೆಗಳೆಂಬ ಕಟ್ಟಳೆಯಿಲ್ಲ. ಮತ್ತೊಂದು ಲಿಖಿತ ಪರೀಕ್ಷೆಯೂ ಇಲ್ಲ. ಶಿಷ್ಯನು ಸಿದ್ಧನಾಗಿದ್ದಾನೆಂದು ಬೋಧಕನು ಬರೆದುಕೊಟ್ಟರೆ ಪರೀಕ್ಷೆಗೆ ಹೋಗಬಹುದು. ಕ್ರಮವನ್ನು ತಿರುಗಿಸಿದರೆ ಆ ದೀರ್ಘಯಾನವೂ ರಾತ್ರಿಯ ಹಾರಾಟವೂ ಎರಡು ಎಂಜಿನ್ನುಗಳ ಇಂಧನ ಸುಡುವ ದುಬಾರಿ ವಿಮಾನದಲ್ಲಿಯೇ ಆಗಬೇಕು. ಉದ್ಯೋಗಕ್ಕೆ ಅವಳಿ ಎಂಜಿನ್ನಿನ ಅನುಭವ ಬೇಕೆನ್ನುವವರಿಗೆ ಆ ಖರ್ಚು ವ್ಯರ್ಥವಲ್ಲವೆನ್ನಿ. 2018ರ ಏಪ್ರಿಲ್‌ವರೆಗೆ ಇನ್ನೊಂದು ಕಾರಣವೂ ಇತ್ತು. ಏಕ ಎಂಜಿನ್ ಪರೀಕ್ಷೆಯನ್ನು ಮೊದಲು ಕೊಡುವವನು ಗಾಲಿಗಳನ್ನು ಒಳಗೆಳೆದುಕೊಳ್ಳುವ ಸಂಕೀರ್ಣ ವಿಮಾನವೊಂದನ್ನು ಒದಗಿಸಬೇಕಾಗಿತ್ತು. ಆ ನಿರ್ಬಂಧ ಈಗಿಲ್ಲ.

ಆದರೆ ಲೆಕ್ಕದ ಪುಸ್ತಕದಲ್ಲಿ ಕಾಣಿಸದ ಸಂಗತಿಯೊಂದಿದೆ. ಈ ಎರಡು ಪರೀಕ್ಷೆಗಳೂ ಎಂಜಿನ್ ಕೈಕೊಟ್ಟಾಗ ಏನು ಮಾಡುತ್ತೀಯೆ ಎಂದು ಕೇಳುತ್ತವೆ. ಉತ್ತರ ಮಾತ್ರ ಒಂದೇ ಅಲ್ಲ.

ಏಕ ಎಂಜಿನ್ ವಿಮಾನದಲ್ಲಿ ಉತ್ತರ ಸ್ಪಷ್ಟ. ಎಂಜಿನ್ ನಿಂತಿತು, ಇನ್ನು ಇಳಿಯಲೇಬೇಕು. ಮೂಗನ್ನು ತಗ್ಗಿಸಿ, ತೇಲುವ ವೇಗವನ್ನು ಕಾದುಕೊಂಡು, ನೆಲವನ್ನು ಆರಿಸಿಕೊಳ್ಳಬೇಕು. ಪರೀಕ್ಷೆಯಲ್ಲಿ ಇದಕ್ಕೊಂದು ಕಠಿಣವಾದ ಒರೆಗಲ್ಲಿದೆ: ಎಂಜಿನ್ನಿನ ಬಲವನ್ನು ತೆಗೆದು, ಅರ್ಧ ವೃತ್ತ ಸುತ್ತಿ, ಮೊದಲೇ ಹೇಳಿದ ಗುರುತಿನಿಂದ 200 ಅಡಿಗಳೊಳಗೆ ನೆಲ ಮುಟ್ಟಬೇಕು. ಗುರುತಿಗಿಂತ ಒಂದಡಿ ಹಿಂದೆ ಇಳಿದರೂ ತಪ್ಪೇ.

ಅವಳಿ ಎಂಜಿನ್ನಿನಲ್ಲಿ ಉಳಿದ ಎಂಜಿನ್ನೇ ಆಸೆಯನ್ನೂ ಅಪಾಯವನ್ನೂ ಒಡ್ಡುತ್ತದೆ. ಒಂದು ನಿಂತರೆ ಬಲ ಅರ್ಧವಾಗುತ್ತದೆ. ಆದರೆ ಮೇಲೇರುವ ಸಾಮರ್ಥ್ಯದಲ್ಲಿ ಶೇಕಡ 80ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ನಷ್ಟವಾಗುತ್ತದೆ. ಸಮತಲದಲ್ಲಿ ಹಾರಲು ಬೇಕಾದ ಬಲವನ್ನು ಕಳೆದು ಉಳಿಯುವ ಹೆಚ್ಚುವರಿಯಿಂದಲೇ ವಿಮಾನ ಏರುವುದಲ್ಲವೆ? ಇದರ ಮೇಲೆ, ಬದುಕಿರುವ ಎಂಜಿನ್ ವಿಮಾನವನ್ನು ಸತ್ತ ಎಂಜಿನ್ನಿನ ಕಡೆಗೆ ತಿರುಗಿಸುತ್ತದೆ. ಅದನ್ನು ತಡೆಯುವುದು ಬಾಲದ ಚುಕ್ಕಾಣಿ. ಚುಕ್ಕಾಣಿಗೆ ಶಕ್ತಿ ಕೊಡುವುದು ಗಾಳಿಯ ವೇಗ. ವೇಗಮಾಪಕದ ಮೇಲಿನ ಕೆಂಪು ಗೆರೆ ಈ ಹತೋಟಿಯ ಕೆಳಗಿನ ಎಲ್ಲೆಯನ್ನು ಸೂಚಿಸುತ್ತದೆ. ಅದಕ್ಕಿಂತ ವೇಗ ಕುಸಿದರೆ ವಿಮಾನ ಪಕ್ಕಕ್ಕೆ ಮಗುಚಿಬೀಳಬಹುದು. ಆಗ ಮೂಗನ್ನು ತಗ್ಗಿಸುವುದರ ಜೊತೆಗೆ ಒಳ್ಳೆಯ ಎಂಜಿನ್ನಿನ ಬಲವನ್ನೂ ಕಡಿಮೆ ಮಾಡಬೇಕು. ಮುಳುಗುತ್ತಿರುವವನು ಕೈಗೆ ಸಿಕ್ಕ ಹಗ್ಗವನ್ನು ಸಡಿಲಿಸಿದಂತೆ ಇದು ಮನಸ್ಸಿಗೆ ಒಗ್ಗದ ಕೆಲಸ. ಆದರೆ ಜೀವ ಉಳಿಸುವುದು ಅದೇ.

ಆದುದರಿಂದ ಎರಡು ಪರೀಕ್ಷೆಗಳನ್ನು ಒಂದರ ಬೆನ್ನಿಗೊಂದು ಗೊತ್ತುಮಾಡುವುದರಲ್ಲಿ ಎಚ್ಚರ ಅಗತ್ಯ. ಇಳಿದುಬಿಡು ಎನ್ನುವ ಅಭ್ಯಾಸ ಒಂದು. ಯಾವ ಎಂಜಿನ್ ಸತ್ತಿದೆಯೆಂದು ಗುರುತಿಸು, ಖಚಿತಪಡಿಸಿಕೋ, ಆಮೇಲೆ ಕೈ ಹಾಕು ಎನ್ನುವ ಅಭ್ಯಾಸ ಇನ್ನೊಂದು. ಗಾಬರಿಯಲ್ಲಿ ಮನುಷ್ಯ ವಿವೇಚಿಸುವುದಕ್ಕಿಂತ ಹೆಚ್ಚಾಗಿ ಅಭ್ಯಾಸದಂತೆ ನಡೆಯುತ್ತಾನೆ. ಎರಡು ಪರೀಕ್ಷೆಗಳ ನಡುವಣ ದಿನಗಳನ್ನು ಹೊಸ ಅಭ್ಯಾಸ ಬೇರೂರುವುದಕ್ಕೆ ಮೀಸಲಿಡುವುದು ಜಾಣತನ.

ಕಾಲದ ಲೆಕ್ಕವೂ ಇದಕ್ಕೆ ಅವಕಾಶ ಕೊಡುತ್ತದೆ. ಲಿಖಿತ ಪರೀಕ್ಷೆಯ ಫಲ 24 ತಿಂಗಳು ಸಲ್ಲುತ್ತದೆ. ಹವೆ ಕೆಟ್ಟು ಪರೀಕ್ಷೆ ಅರ್ಧಕ್ಕೆ ನಿಂತರೆ, ಮುಗಿಸಿದ ಭಾಗವನ್ನು 60 ದಿನಗಳವರೆಗೆ ಮಾನ್ಯ ಮಾಡುತ್ತಾರೆ. ಮೋಡ ಕವಿದ ಬೆಳಗ್ಗೆ ‘ಇಂದು ಬೇಡ’ ಎಂದು ಹಿಂದೆ ಸರಿದವನು ಸೋತವನಲ್ಲ.

ಹಣ ಕೊಟ್ಟು ಹಿಂದಿನ ಆಸನದಲ್ಲಿ ಕೂರುವವನಿಗೆ ಪೈಲಟ್ ಯಾವ ಪರೀಕ್ಷೆಯನ್ನು ಮೊದಲು ಮುಗಿಸಿದನೆಂಬುದು ತಿಳಿಯಬೇಕಾಗಿಲ್ಲ. ಎಂಜಿನ್ನೊಂದು ಮೌನವಾದ ಗಳಿಗೆಯಲ್ಲಿ, ತಾನು ಕುಳಿತಿರುವುದು ಯಾವ ವಿಮಾನದಲ್ಲಿ ಎಂಬುದು ಆ ಪೈಲಟ್ಟಿನ ಕೈಕಾಲುಗಳಿಗೆ ತಿಳಿದಿದ್ದರೆ ಸಾಕು.