ಊಟವಾದ ಮೇಲೆ ನೋಡಿದ ಚಿತ್ರಗಳು

ನಾನು ಚಿತ್ರವಿಮರ್ಶಕನಲ್ಲ. ಕಾಲೇಜಿನಲ್ಲಿ ಪಂಪ ರನ್ನರನ್ನು ಪಾಠ ಹೇಳಿ, ಸಂಜೆ ತರಕಾರಿಯ ಚೀಲ ಹಿಡಿದು ಮನೆಗೆ ಬಂದು, ರಾತ್ರಿಯ ಊಟವಾದ ಮೇಲೆ ಒಂದೆರಡು ತಾಸು ಕಾಲು ಚಾಚಿ ಕೂಡುವ ಅಸಂಖ್ಯ ಪ್ರೇಕ್ಷಕರಲ್ಲಿ ನಾನೂ ಒಬ್ಬ. ಛಾಯಾಗ್ರಹಣದ ಸೂಕ್ಷ್ಮವನ್ನಾಗಲಿ ಸಂಕಲನದ ಮರ್ಮವನ್ನಾಗಲಿ ಬಲ್ಲವನಲ್ಲ. ಆದರೆ ಹಣ ತೆತ್ತು ನೋಡಿದವನಿಗೆ ನಾಲ್ಕು ಮಾತನಾಡುವ ಅಧಿಕಾರ ತಾನಾಗಿಯೇ ಪ್ರಾಪ್ತವಾಗುತ್ತದೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ. ಬಲ್ಲವರು ಮನ್ನಿಸಬೇಕು.

ನಮ್ಮ ಮನೆಯಲ್ಲಿ ನಾಲ್ವರಿದ್ದೇವೆ: ನಾನು, ನನ್ನಾಕೆ, ನನ್ನ ತಾಯಿ ಮತ್ತು ನಮ್ಮಲ್ಲಿಯೇ ಇದ್ದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ. ನಾಲ್ವರಿಗೆ ನಾಲ್ಕು ತೆರೆಗಳು. ನಡುಮನೆಯ ಟಿ.ವಿ. ತಾಯಿಯ ಧಾರಾವಾಹಿಗಳಿಗೆ ಮೀಸಲು. ನನ್ನಾಕೆ ಅಡಿಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಗೆ ಮೊಬೈಲನ್ನು ಒರಗಿಸಿಕೊಂಡು ಮಲಯಾಳದ ಪತ್ತೇದಾರಿ ಚಿತ್ರಗಳನ್ನು ನೋಡುತ್ತಾಳೆ. ಕೊಲೆಗಾರ ಸಿಕ್ಕುವ ಸಮಯಕ್ಕೆ ಸರಿಯಾಗಿ ಸಾರು ಉಕ್ಕುತ್ತದೆ. ನನ್ನದು ಓದುವ ಮೇಜಿನ ಮೇಲಿನ ಲ್ಯಾಪ್‌ಟಾಪು. ಹುಡುಗನದು ಮುಚ್ಚಿದ ಬಾಗಿಲು, ಕಿವಿಯೊಳಗಿನ ಇಯರ್‌ಫೋನು. ಅಲ್ಲಿ ಏನು ನಡೆಯುತ್ತದೆಂಬುದು ಬಾಗಿಲಿನ ಈಚೆಗಿನವರಿಗೆ ತಿಳಿಯದು.

ಒಂದು ರಾತ್ರಿ ಅವನು ಒಳಗೆ ಒಬ್ಬನೇ ಗಟ್ಟಿಯಾಗಿ ನಕ್ಕನು. ತಾಯಿ ಗಾಬರಿಯಿಂದ ಎದ್ದು ಹೋಗಿ ಬಾಗಿಲು ತಟ್ಟಿದರು. ಹಿಂತಿರುಗಿ ಬಂದವರು, “ನಾವು ಟೆಂಟ್ ಸಿನಿಮಾಕ್ಕೆ ಹೋಗುವಾಗ ಊರಿಗೆ ಊರೇ ಒಟ್ಟಿಗೆ ನಗುತ್ತಿತ್ತು ಕಣೋ. ಈಗ ಒಬ್ಬೊಬ್ಬರೇ ನಗುತ್ತೀರಿ; ಏನಾಯಿತೋ ಎಂದು ನಾನು ಎದ್ದು ಬಂದು ನೋಡಬೇಕು” ಎಂದರು. ಹದಿಮೂರರ ವಯಸ್ಸಿನಲ್ಲಿ ‘ಬಂಗಾರದ ಮನುಷ್ಯ’ ನೋಡಿದವರ ಮಾತು ಅದು. ಅಂದಿನಿಂದ ವಾರಾಂತ್ಯದ ಎರಡು ರಾತ್ರಿ ನಾಲ್ವರೂ ಒಂದೇ ತೆರೆಯ ಮುಂದೆ ಕೂಡಬೇಕೆಂದು ಮನೆಯಲ್ಲಿ ಶಾಸನವಾಯಿತು. ಹುಡುಗ ಮೊದಲು ಮುಖ ಗಂಟಿಕ್ಕಿದನು. ಆದರೆ ಅಜ್ಜಿಯ ಶಾಸನಕ್ಕೆ ಮೇಲ್ಮನವಿಯಿಲ್ಲ.

ಶಾಸನದ ಮೊದಲ ಫಲವಾಗಿ ನಾವು 2025ರ ಆಗಸ್ಟ್‌ನಲ್ಲಿ ಚಿತ್ರಮಂದಿರಕ್ಕೇ ಹೋಗಿ ‘ಸು ಫ್ರಮ್ ಸೋ’ ನೋಡಿದೆವು. ಜೆ. ಪಿ. ತುಮಿನಾಡು ನಿರ್ದೇಶಿಸಿ ತಾವೇ ಮುಖ್ಯಪಾತ್ರ ವಹಿಸಿರುವ, ರಾಜ್ ಬಿ. ಶೆಟ್ಟಿಯವರು ನಿರ್ಮಾಪಕರಲ್ಲೊಬ್ಬರಾಗಿರುವ ಈ ಚಿತ್ರದಲ್ಲಿ ಕಟ್ಟುಮಸ್ತಾದ ನಾಯಕನಿಲ್ಲ, ಪ್ರೇಮಗೀತೆಗೆಂದು ಪರದೇಶಕ್ಕೆ ಹಾರುವ ಜೋಡಿಯಿಲ್ಲ. ಕರಾವಳಿಯ ಒಂದು ಹಳ್ಳಿ. ಮಾಡಬಾರದ ಕೆಲಸ ಮಾಡಿ ಸಿಕ್ಕಿಬಿದ್ದು, ತಪ್ಪಿಸಿಕೊಳ್ಳಲೆಂದು ಮೈಮೇಲೆ ದೆವ್ವ ಬಂದಂತೆ ನಟಿಸುವ ಒಬ್ಬ ಪೋಲಿ ಹುಡುಗ. ಆ ದೆವ್ವಕ್ಕೆ ಊರವರೇ ವಿಳಾಸ ಹಚ್ಚುತ್ತಾರೆ: ಸೋಮೇಶ್ವರದ ಸುಲೋಚನೆ. ಅರ್ಧ ಚಿತ್ರದವರೆಗೆ ನಾವು ನಾಲ್ವರೂ, ನಮ್ಮ ಹಿಂದುಮುಂದಿನ ಸಾಲಿನವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಾಯಿಗೆ ಅರ್ಥವಾಗದ ಮಂಗಳೂರು ಕನ್ನಡದ ಮಾತುಗಳನ್ನು ಪಕ್ಕದ ಆಸನದ ಅಪರಿಚಿತ ಮಹಿಳೆಯೊಬ್ಬರು ಬಿಡಿಸಿ ಹೇಳುತ್ತಿದ್ದರು.

ನನಗೆ ಚಿತ್ರ ಹಿಡಿಸಿದುದು ನಗೆಯ ಕಾರಣಕ್ಕಷ್ಟೇ ಅಲ್ಲ. ದೆವ್ವವೆಂದು ಊರು ಹೆದರುವ ಸುಲೋಚನೆ ಒಂದು ಕಾಲಕ್ಕೆ ಬಾಳಿದ ಹೆಣ್ಣು, ಅವಳಿಗೊಬ್ಬ ಮಗಳಿದ್ದಾಳೆ, ಆ ಮಗಳು ಬಂಧುವಿನ ಕಾಟಕ್ಕೆ ಸಿಕ್ಕಿ ನಲುಗುತ್ತಿದ್ದಾಳೆ ಎಂಬುದು ಹೊರಬಿದ್ದಾಗ ನಕ್ಕ ಬಾಯಿ ತಾನಾಗಿ ಮುಚ್ಚುತ್ತದೆ. ಉತ್ತರಾರ್ಧದಲ್ಲಿ ಕಥೆಯ ಓಟ ಕೊಂಚ ಕುಗ್ಗುತ್ತದೆಂದು ನನ್ನಾಕೆ ಹೇಳಿದಳು. ಇರಬಹುದು. ಆದರೆ ಸತ್ತವಳ ಹೆಸರಿನಲ್ಲಿ ಆಡಿದ ಆಟ ಬದುಕಿರುವವಳ ನೆರವಿಗೆ ಬರುವ ಆ ತಿರುವು ನಮ್ಮ ಅನೇಕ ದೊಡ್ಡ ಬಜೆಟ್ಟಿನ ಚಿತ್ರಗಳಿಗೆ ಹೊಳೆಯದ ಸಂಗತಿ.

ಹಣದ ಮಾತನ್ನೂ ಆಡಿಬಿಡಬೇಕು. ನಾಲ್ಕು ಟಿಕೀಟು, ಮಧ್ಯಂತರದ ಪಾಪ್‌ಕಾರ್ನ್, ಹೋಗಿಬರುವ ಆಟೋ—ಇವೆಲ್ಲ ಸೇರಿ ಆದ ವೆಚ್ಚದಲ್ಲಿ ನಮ್ಮ ಮನೆಯ ಒಂದು ತಿಂಗಳ ಹಾಲಿನ ಲೆಕ್ಕದ ಬಹುಪಾಲು ಚುಕ್ತಾ ಆಗುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರಕಾರವು ತೆರಿಗೆ ಬಿಟ್ಟು 200 ರೂಪಾಯಿಯನ್ನು ಟಿಕೀಟಿನ ಗರಿಷ್ಠ ದರವೆಂದು ಗೊತ್ತುಪಡಿಸಿದಾಗ ನನ್ನಂಥವರಿಗೆ ಹಿಗ್ಗಾಯಿತು. ಅದೇ ತಿಂಗಳಲ್ಲಿ ಉಚ್ಚ ನ್ಯಾಯಾಲಯದ ಮಧ್ಯಂತರ ತಡೆಯಾಜ್ಞೆ ಬಂದು ಹಿಗ್ಗು ಇಳಿಯಿತು.

ಅಕ್ಟೋಬರ್ 2ರಂದು ತೆರೆಕಂಡ ‘ಕಾಂತಾರ ಅಧ್ಯಾಯ 1’ನ್ನು ನಾವು ಚಿತ್ರಮಂದಿರದಲ್ಲಿ ನೋಡಲಿಲ್ಲ, ಒಂದು ತಿಂಗಳೊಳಗಾಗಿ ಅದೇ ಮನೆಗೆ ಬಂದಿತು. ಮುನ್ನೂರು ರೂಪಾಯಿ ಕೊಟ್ಟು ನೋಡಬೇಕಾದುದು ತಿಂಗಳು ತುಂಬುವುದರೊಳಗೆ ನಡುಮನೆಗೆ ಬರುವುದಾದರೆ ಗೃಹಸ್ಥನಾದವನು ಏನು ಮಾಡುತ್ತಾನೆ? ಕಾಯುತ್ತಾನೆ. ಅವನು ಕಾಯುವುದರಿಂದಲೇ ಟಾಕೀಸುಗಳು ಬಾಗಿಲು ಹಾಕುತ್ತವೆಂದು ಆಮೇಲೆ ಅವನೇ ನಿಟ್ಟುಸಿರು ಬಿಡುತ್ತಾನೆ. ನಾನೂ ಬಿಟ್ಟಿದ್ದೇನೆ.

ಚಿತ್ರದ ವಿಷಯ: ಕದಂಬರ ಕಾಲದ ಕಾಡು, ಕಾಡಿನವರು, ಬಂದರನ್ನಾಳುವ ಅರಸುಮನೆ ಇವುಗಳನ್ನು ರಿಷಬ್ ಶೆಟ್ಟಿಯವರು ಕಟ್ಟಿರುವ ಬಗೆಯನ್ನು ಕಂಡು ಬೆರಗಾಯಿತು. ಆದರೆ 2022ರ ‘ಕಾಂತಾರ’ದ ಕೊನೆಯ ಹದಿನೈದು ನಿಮಿಷಗಳಲ್ಲಿ ಮೈ ನವಿರೆದ್ದಂತೆ ಇಲ್ಲಿ ಏಳಲಿಲ್ಲ. ಮೊದಲ ಚಿತ್ರದಲ್ಲಿ ಭೂಮಿಯ ತಂಟೆ, ಅರಣ್ಯ ಇಲಾಖೆ, ಧಣಿಯ ಕಪಟ ಎಲ್ಲವೂ ನಮ್ಮ ನೆರೆಯಲ್ಲಿಯೇ ನಡೆದಂತಿದ್ದವು. ದೈವವು ಕೂಗು ಹಾಕಿದಾಗ ಅದಕ್ಕೊಂದು ಕಾರಣವಿತ್ತು. ಇಲ್ಲಿ ಕೂಗು ಹೆಚ್ಚಿದೆ. ತಾಯಿ ನಡುವೆ ಎದ್ದು ಹೋಗಿ ಕಿವಿಗೆ ಹತ್ತಿ ಇಟ್ಟುಕೊಂಡು ಬಂದರು. ಎದ್ದು ಹೋಗಿ ಮಲಗಲಿಲ್ಲವೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು.

ದೊಡ್ಡ ಚಿತ್ರಗಳನ್ನು ಕುರಿತು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಮನಸ್ಸು ಹರಿಯುವುದು ಸಣ್ಣವುಗಳ ಕಡೆಗೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯದ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ನಮ್ಮ ಊರಿನ ತೆರೆಗೆ ಬಂದುದು 2024ರ ಜೂನ್‌ನಲ್ಲಿ. ಕೊಪ್ಪಳ ಜಿಲ್ಲೆಯ ಯರೆಹಂಚಿನಾಳದಲ್ಲಿ ಶಾಲೆಯ ಅಡಿಗೆ ಮಾಡುವ ಹೆಂಗಸು, ಹಾಸಿಗೆ ಹಿಡಿದ ಗಂಡನಿಗೆ ಗುಣವಾಗಲೆಂದೂ ಮನೆಯ ಸಾಲ ತೀರಲೆಂದೂ, ‘ನೀವು ನಾಲ್ವರನ್ನು ಸೇರಿಸಿ, ಅವರು ಹದಿನಾರು ಮಂದಿಯನ್ನು ಸೇರಿಸಲಿ’ ಎಂಬ ಬಗೆಯ ವ್ಯಾಪಾರಕ್ಕೆ ಬಿದ್ದು ಶಕ್ತಿವರ್ಧಕ ಪುಡಿಯನ್ನು ಮಾರುತ್ತಾ ಊರೆಲ್ಲ ಅಲೆಯುವ ಕಥೆ. ನಟಿಸಿದವರಲ್ಲಿ ಬಹುತೇಕರು ಆ ಊರಿನವರೇ. ಶಿವಮ್ಮನಾಗಿ ಶರಣಮ್ಮ ಚಟ್ಟಿಯವರ ನಡಿಗೆಯೊಂದನ್ನು ನೋಡಿದರೆ ಸಾಕು. ಇಂಥ ನಡಿಗೆಯನ್ನು ಯಾವ ಅಭಿನಯಶಾಲೆಯೂ ಕಲಿಸಲಾರದು. ಅವಳು ಮೋಸಹೋಗುತ್ತಿದ್ದಾಳೆಂದು ನಮಗೆ ಗೊತ್ತು. ಅವಳು ನೆರೆಹೊರೆಯವರನ್ನೂ ಅದೇ ಹಳ್ಳಕ್ಕೆ ಎಳೆಯುತ್ತಿದ್ದಾಳೆಂದೂ ಗೊತ್ತು. ಆದರೂ ಅವಳ ಪುಡಿ ಮಾರಾಟವಾಗಲಿ ಎಂದು ನಾನು ಒಳಗೊಳಗೇ ಹಾರೈಸುತ್ತಿದ್ದೆ. ಆ ಪ್ರದರ್ಶನದಲ್ಲಿ, ಎಣಿಸಿ ನೋಡಿದೆ, ನಾವು ಹನ್ನೊಂದು ಜನರಿದ್ದೆವು.

ಇಂಥ ಚಿತ್ರಗಳಿಗೆ ಚಿತ್ರಮಂದಿರ ಒಂದು ವಾರದ ಛತ್ರ. ಒಟಿಟಿಯೆಂಬುದು ಬಂದಾಗ ಇವುಗಳಿಗೆ ಸ್ವಂತ ಮನೆಯಾದೀತೆಂದು ನಾವೆಲ್ಲ ನಂಬಿದೆವು. 2020ರ ಜುಲೈನಲ್ಲಿ ‘ಲಾ’, ‘ಫ್ರೆಂಚ್ ಬಿರಿಯಾನಿ’ಗಳು ನೇರವಾಗಿ ಮನೆಗೇ ಬಂದಾಗ ಆ ನಂಬಿಕೆ ಬಲಿಯಿತು. ಆದರೆ ಆದುದೇ ಬೇರೆ. ಕರಾವಳಿಯ ಏಳು ಕಥೆಗಳ ‘ಏಕಂ’ ಎಂಬ ಕನ್ನಡ ಸರಣಿ ಸಿದ್ಧವಾಗಿ ವರ್ಷಗಳು ಕಳೆದರೂ ಕೊಳ್ಳುವವರಿಲ್ಲದೆ, ರಕ್ಷಿತ್ ಶೆಟ್ಟಿ ಮತ್ತು ಸಂಗಡಿಗರು 2024ರ ಜುಲೈನಲ್ಲಿ ಅದಕ್ಕೆಂದೇ ಬೇರೊಂದು ಅಂತರ್ಜಾಲ ತಾಣವನ್ನು ತೆರೆದು ತೋರಿಸಬೇಕಾಯಿತು. ಮಳಿಗೆಗಳು ನಾಡಿನ ತುಂಬ ಇದ್ದರೂ ತನ್ನ ಸರಕನ್ನು ತಾನೇ ಗಾಡಿಯಲ್ಲಿಟ್ಟು ತಳ್ಳಿದ ಹಾಗೆ. ಮಲಯಾಳದ ಸಣ್ಣ ಚಿತ್ರಗಳು ದೇಶದ ಮನೆಮನೆಗೂ ತಲಪುತ್ತಿದ್ದಾಗ ಕನ್ನಡದವು ಕದ ತಟ್ಟುತ್ತ ನಿಂತಿದ್ದವು. ದೋಷ ಮಾರುವವರದೋ ಕೊಳ್ಳುವವರದೋ, ಹಣ ಕೊಟ್ಟು ನೋಡದ ನಮ್ಮದೋ? ಹನ್ನೊಂದು ಜನರ ಲೆಕ್ಕ ನೆನಪಾದಾಗ ನಾನು ಸುಮ್ಮನಾಗುತ್ತೇನೆ.

‘ಏಕಂ’ನ ರೂವಾರಿಗಳಲ್ಲೊಬ್ಬರಾದ ಸುಮಂತ್ ಭಟ್ಟರ ‘ಮಿಥ್ಯ’ (2025) ಮನೆಯ ನಾಲ್ವರನ್ನೂ ಒಂದೇ ಸಮನಾಗಿ ಹಿಡಿದು ಕೂರಿಸಿತು. ಹೆತ್ತವರನ್ನು ಕಳೆದುಕೊಂಡ ಹನ್ನೊಂದು ವರ್ಷದ ಮಿಥುನ್, ಮುಂಬಯಿಯನ್ನು ಬಿಟ್ಟು ಉಡುಪಿಯ ಕಡೆಯ ಬಂಧುಗಳ ಮನೆಗೆ ಬರುತ್ತಾನೆ. ಅಲ್ಲಿ ಅಕ್ಕರೆಗೆ ಕೊರತೆಯಿಲ್ಲ. ಆದರೆ ಅವನ ತಂದೆತಾಯಿಗಳ ವಿಷಯವಾಗಿ ಊರಿನ ಪಿಸುಮಾತುಗಳು ಅವನ ಕಿವಿಗೆ ಬೀಳುತ್ತಲೇ ಇರುತ್ತವೆ. ಆತೀಶ್ ಶೆಟ್ಟಿ ಎಂಬ ಬಾಲಕ ಅಳದೆಯೇ ಅಭಿನಯಿಸಿದ್ದಾನೆ. ‘ಸು ಫ್ರಮ್ ಸೋ’ದಲ್ಲಿ ನಮ್ಮನ್ನು ನಗಿಸಿದ ಪ್ರಕಾಶ್ ತುಮಿನಾಡು ಇಲ್ಲಿ ಆ ಹುಡುಗನ ಹೊಣೆಹೊತ್ತ ಹಿರಿಯ, ಏನು ಮಾತನಾಡಬೇಕೆಂದು ತಿಳಿಯದೆ ಅವನ ಪಕ್ಕದಲ್ಲಿ ಸುಮ್ಮನೆ ನಿಲ್ಲುವ ಗಂಡಸಿನ ಸಂಕಟ ನನಗೆ ಪರಿಚಿತವಾದುದು. ನಮ್ಮ ಹುಡುಗನ ತಂದೆತಾಯಿಗಳು ದೇವರ ದಯದಿಂದ ಊರಿನಲ್ಲಿ ಚೆನ್ನಾಗಿದ್ದಾರೆ. ಆದರೂ ಚಿತ್ರ ಮುಗಿದ ಮೇಲೆ ನನ್ನಾಕೆ ಕಾರಣವಿಲ್ಲದೆ ಅವನಿಗೆ ಒಂದು ಲೋಟ ಹಾಲು ಕಾಸಿ ತಂದುಕೊಟ್ಟಳು.

ಸರಣಿಗಳಲ್ಲಿ ‘ಅಯ್ಯನ ಮನೆ’ಯನ್ನು ತಾಯಿ ಒಂದೇ ದಿನದಲ್ಲಿ ನೋಡಿ ಮುಗಿಸಿದರು: ಮಲೆನಾಡಿನ ಹಳೆಯ ಮನೆ, ಸೊಸೆಯರು ಬಾಳದ ವಂಶ, ಹೊಸದಾಗಿ ಕಾಲಿಟ್ಟ ಮದುಮಗಳು. ಆರಂಭದ ಭಯ ಕೊನೆಯವರೆಗೆ ಉಳಿಯುವುದಿಲ್ಲ. ಹಿಂದಿಯ ‘ಪಂಚಾಯತ್’ನ ಮೊದಲೆರಡು ಭಾಗಗಳನ್ನು ಯಾರು ಬೇಕಾದರೂ ನೋಡಬಹುದು, ಆಮೇಲಿನವು ಚುನಾವಣೆಯ ಜಗಳದಲ್ಲಿ ಸಿಕ್ಕಿಕೊಂಡಿವೆ.

ಇನ್ನು ‘ಅಡಾಲಸೆನ್ಸ್’. 2025ರ ಮಾರ್ಚ್‌ನಲ್ಲಿ ಬಂದ ಈ ಇಂಗ್ಲಿಷ್ ಸರಣಿಯಲ್ಲಿ ಇರುವುದು ನಾಲ್ಕೇ ಕಂತು. ಇಂಗ್ಲೆಂಡಿನ ಒಂದು ಸಾಮಾನ್ಯ ಮನೆಗೆ ಮುಂಜಾನೆ ಪೊಲೀಸರು ಬಾಗಿಲು ಮುರಿದು ನುಗ್ಗಿ, ಜೇಮೀ ಎಂಬ ಹದಿಮೂರು ವರ್ಷದ ಬಾಲಕನನ್ನು ಸಹಪಾಠಿ ಹುಡುಗಿಯ ಕೊಲೆಯ ಆರೋಪದ ಮೇಲೆ ಹಿಡಿದೊಯ್ಯುತ್ತಾರೆ. ಕೊಂದವರು ಯಾರೆಂಬ ಪ್ರಶ್ನೆ ಮೊದಲ ಕಂತಿನಲ್ಲಿಯೇ ತೀರುತ್ತದೆ. ಉಳಿಯುವುದು ‘ಏಕೆ’ ಎಂಬುದು.

ಪ್ರತಿಯೊಂದು ಕಂತನ್ನೂ ಕ್ಯಾಮರಾ ನಿಲ್ಲಿಸದೆ ಒಂದೇ ಉಸಿರಿನಲ್ಲಿ ಚಿತ್ರಿಸಿದ್ದಾರೆ. ನಲವತ್ತನೆಯ ನಿಮಿಷದಲ್ಲಿ ಒಬ್ಬರು ಮಾತು ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭ. ನಮ್ಮ ರಂಗಭೂಮಿಯವರಿಗೆ ಇದರ ಕಷ್ಟ ತಿಳಿದೀತು. ಎರಡನೆಯ ಕಂತಿನ ಕೊನೆಯಲ್ಲಿ ಕ್ಯಾಮರಾವನ್ನು ಓಡುತ್ತಲೇ ಡ್ರೋನಿಗೆ ಸಿಕ್ಕಿಸಿ ಊರಿನ ಮೇಲೆ ಹಾರಿಸಿ, ಹುಡುಗಿ ಸತ್ತ ಜಾಗದಲ್ಲಿ ಹೂವಿಡಲು ಬಂದ ಜೇಮೀಯ ತಂದೆಯ ಮುಖದ ಮುಂದೆ ಇಳಿಸುತ್ತಾರೆ. ತಂದೆಯ ಪಾತ್ರ ಸ್ಟೀಫನ್ ಗ್ರಹಾಂ ಅವರದು. ಬರೆದವರಲ್ಲಿಯೂ ಅವರು ಒಬ್ಬರು. ಜೇಮೀಯಾಗಿ ನಟಿಸಿದ ಓವನ್ ಕೂಪರ್‌ಗೆ ಹದಿನೈದನೆಯ ವಯಸ್ಸಿನಲ್ಲಿ ಎಮ್ಮಿ ಪ್ರಶಸ್ತಿ ಬಂದಿತು. ಮೂರನೆಯ ಕಂತಿನಲ್ಲಿ ಮನಶ್ಶಾಸ್ತ್ರಜ್ಞೆಯ ಎದುರು ಕುಳಿತು, ಒಂದು ಗಳಿಗೆ ಮಗುವಾಗಿ ಮರುಗಳಿಗೆ ಮೇಜನ್ನು ಗುದ್ದುವ ಗಂಡಸಾಗಿ ಅವನು ಬದಲಾಗುವುದನ್ನು ನೋಡಿದವರು ಅದನ್ನು ಹೆಚ್ಚೆನ್ನಲಾರರು. ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ಇದನ್ನು ಉಚಿತವಾಗಿ ತೋರಿಸುವ ಏರ್ಪಾಡೂ ಆಯಿತು.

ನಾನು ಮೊದಲು ಒಬ್ಬನೇ ನೋಡಿದೆ. ಆಮೇಲೆ ಬಹಳ ಯೋಚಿಸಿ, ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ನೋಡಿದೆ. ಎರಡನೆಯ ಕಂತಿನಲ್ಲಿ ಒಂದು ಪ್ರಸಂಗ ಬರುತ್ತದೆ. ಸತ್ತ ಹುಡುಗಿ ಜೇಮೀಯ ಚಿತ್ರಗಳ ಕೆಳಗೆ ಹಾಕಿದ್ದ ಪುಟ್ಟ ಇಮೋಜಿಗಳನ್ನು ಪೊಲೀಸ್ ಅಧಿಕಾರಿ ಸ್ನೇಹದ ಗುರುತೆಂದು ತಿಳಿದಿರುತ್ತಾನೆ. ಅವು ಸ್ನೇಹವಲ್ಲ, ಕುಹಕವೆಂದು ಅದೇ ಶಾಲೆಯಲ್ಲಿ ಓದುವ ಅವನ ಮಗನೇ ತಂದೆಗೆ ಬಿಡಿಸಿ ಹೇಳಬೇಕಾಗುತ್ತದೆ.

ತರಗತಿಯಲ್ಲಿ ನಾನು ಆನಂದವರ್ಧನನ ಧ್ವನಿತತ್ತ್ವವನ್ನು ಪಾಠ ಹೇಳುವವನು: ವಾಚ್ಯಾರ್ಥ, ಲಕ್ಷ್ಯಾರ್ಥ, ವ್ಯಂಗ್ಯಾರ್ಥ. ಒಂದು ಕೆಂಪು ಗುಳಿಗೆಯ ಚಿತ್ರಕ್ಕೆ, ಹೃದಯದ ಬಣ್ಣಬಣ್ಣಕ್ಕೆ ಇಷ್ಟೊಂದು ವ್ಯಂಗ್ಯಾರ್ಥವಿದೆಯೆಂದು ನನಗೆ ಮೊದಲ ಸಲ ನೋಡುವಾಗ ತಿಳಿದಿರಲಿಲ್ಲ. ನಮ್ಮ ಹುಡುಗನಾದರೋ, ಆ ಮಗ ಬಾಯಿ ತೆರೆಯುವುದಕ್ಕೆ ಮೊದಲೇ, “ಅದು ಬೈಗುಳ ಮಾವ” ಎಂದನು.

ನಾನು ರಿಮೋಟ್ ಒತ್ತಿ ನಿಲ್ಲಿಸಿದೆ. “ನಿನಗೆ ಹೇಗೆ ಗೊತ್ತು?”

“ಎಲ್ಲರಿಗೂ ಗೊತ್ತು.”

“ನಿನಗೆ ಯಾರಾದರೂ ಕಳುಹಿಸಿದ್ದಾರೆಯೇ?”

“ನನಗಲ್ಲ.” ಸ್ವಲ್ಪ ಹೊತ್ತು ತೆರೆಯನ್ನೇ ನೋಡುತ್ತಿದ್ದನು. “ನಮ್ಮ ಕ್ಲಾಸಿನಲ್ಲಿ ಒಬ್ಬನಿಗೆ ಕಳುಹಿಸುತ್ತಾರೆ. ದಿನಾ. ಗುಂಪಿನಲ್ಲಿ ಎಲ್ಲರೂ. ಅವನು ಈಗ ಊಟದ ಹೊತ್ತಿನಲ್ಲಿ ಹೊರಗೆ ಬರುವುದೇ ಇಲ್ಲ. ನೀವು ಸ್ಕೂಲಿನಲ್ಲಿ ಹೇಳಬೇಡಿ.”

“ನೀನೂ ಕಳುಹಿಸಿದ್ದೀಯಾ?”

ಅವನು ಉತ್ತರ ಕೊಡಲಿಲ್ಲ. ನಾನು ಮತ್ತೆ ಕೇಳಲಿಲ್ಲ. ಆ ಹುಡುಗನ ಹೆಸರನ್ನೂ ಕೇಳಲಿಲ್ಲ. ಹಾಗೆ ಕೇಳದಿದ್ದುದು ಸರಿಯೋ ತಪ್ಪೋ ಎಂದು ಎರಡು ದಿನ ಯೋಚಿಸಿದೆ. ಶಾಲೆಗೆ ಹೋಗಿ ಹೇಳಿದರೆ ಇವನು ಇನ್ನು ಮುಂದೆ ಬಾಯಿ ಬಿಡುವುದಿಲ್ಲ; ಹೇಳದೆ ಬಿಟ್ಟರೆ ಆ ಇನ್ನೊಬ್ಬನ ಗತಿಯೇನು? ನನ್ನಾಕೆಯೊಂದಿಗೆ ಮಾತನಾಡಿದೆ. ಅವಳು, “ಮೊದಲು ಅವನನ್ನು ಮನೆಗೆ ಕರೆಯಲು ಹೇಳಿ. ಮಿಕ್ಕುದು ಆಮೇಲೆ” ಎಂದಳು.

ಬುಧವಾರ ರಾತ್ರಿ ಹುಡುಗನ ಕೋಣೆಯ ಬಾಗಿಲು ತಟ್ಟಿ ಹಾಗೆಯೇ ಹೇಳಿದೆ. ಗುರುವಾರ ಅವನೇ ನಡುಮನೆಗೆ ಬಂದು, “ಶನಿವಾರ ಬರುತ್ತಾನಂತೆ ಮಾವ. ಅವನು ಬೆಳ್ಳುಳ್ಳಿ ತಿನ್ನುವುದಿಲ್ಲ” ಎಂದನು. ತಾಯಿ ಧಾರಾವಾಹಿಯಿಂದ ಕಣ್ಣು ತೆಗೆಯದೆಯೇ, “ಹಾಗಾದರೆ ಬಿಸಿಬೇಳೆ ಭಾತ್ ಮಾಡೋಣ. ಸಿನಿಮಾ ಯಾವುದು ಹಾಕುತ್ತೀರಿ?” ಎಂದು ಕೇಳಿದರು.

‘ಸು ಫ್ರಮ್ ಸೋ’ವನ್ನೇ ಇನ್ನೊಮ್ಮೆ ಎಂದು ನಿಶ್ಚಯವಾಗಿದೆ.